ಅಂಗೈ ನೋಡಿಕೊಂಡ ಸಂಜೆ

ಸಂಜೆ ಹೊತ್ತು ಜಗಲಿಯ ಮೇಲೆ ಕೂತು ನನ್ನ ಅಂಗೈಯನ್ನು ನಾನೇ ನೋಡಿಕೊಳ್ಳುವ ಚಟವೊಂದು ನನಗಿದೆ. ಹಸ್ತಸಾಮುದ್ರಿಕದಲ್ಲಿ ನನಗೆ ನಂಬಿಕೆಯಿಲ್ಲ. ಇದು ರಿಪ್ಪನ್‌ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಕೇಳಿದವರಿಗೂ ಕೇಳದವರಿಗೂ ನಾನೇ ಹೇಳಿದ್ದೇನೆ. ಆದ್ದರಿಂದ ನನ್ನ ಹೆಂಡತಿ ಒಳಗಿನಿಂದ ಇಣುಕಿ, "ಏನಂತೆ? ಈ ವರ್ಷವಾದ್ರೂ ಹೆಡ್ಮಾಸ್ಟರ್ ಆಗ್ತೀರಂತಾ?" ಎಂದು ಕೆಣಕುತ್ತಾಳೆ. ನಾನು ನೋಡುವುದು ಭವಿಷ್ಯವನ್ನಲ್ಲ. ಕತ್ತಲಾಗುತ್ತ ಬಂದಂತೆ ಗೆರೆಗಳು ಯಾವ ಕ್ಷಣದಲ್ಲಿ ಕಾಣಿಸದಾಗುತ್ತವೆ ಎಂಬುದನ್ನು ಹಿಡಿಯಲು ನೋಡುತ್ತೇನೆ. ಇಷ್ಟು ವರ್ಷವಾದರೂ ಹಿಡಿಯಲಾಗಿಲ್ಲ.

ಈ ಚಟ ಹತ್ತಿಸಿದ್ದು ಒಂದು ಅಕಾಲದ ಮಳೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿತ್ತು. ತಿಂಗಳು ಮಾರ್ಗಶಿರವೋ ಕಾರ್ತಿಕವೋ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ತುಳಸಿಕಟ್ಟೆಯ ಮುಂದೆ ಹಚ್ಚಿಟ್ಟ ದೀಪ ಗಾಳಿಗೆ ಆರಿಹೋಯಿತು, ಆದ್ದರಿಂದ ಕಾರ್ತಿಕ ಎನ್ನುತ್ತಾಳೆ ಹೆಂಡತಿ. ಕೊಯ್ದ ಭತ್ತ ಗದ್ದೆಯಲ್ಲೇ ತೇಲಿತು, ಆದ್ದರಿಂದ ಮಾರ್ಗಶಿರ ಎನ್ನುತ್ತೇನೆ ನಾನು. ಅವಳಿಗೆ ದೀಪ ನೆನಪಿದೆ, ನನಗೆ ನನ್ನ ವಾದ ನೆನಪಿದೆ. ಅವಳೇ ಸರಿಯಿರಬೇಕು.

ನಮ್ಮ ಸೀಮೆಯವರಿಗೆ ಮಳೆಯೆಂದರೆ ಹೆದರಿಕೆಯಿಲ್ಲ. ಆಗುಂಬೆ ಕಡೆಯ ನೆಂಟರಂತೂ ನಮ್ಮ ಮಳೆಗಾಲ ನೋಡಿ ಹನಿ ಬೀಳ್ತಾ ಇದೆ ಎನ್ನುತ್ತಾರೆ. ಆದರೆ ಆ ಹೆಚ್ಚುಗಾರಿಕೆಯೆಲ್ಲ ಆಷಾಢ ಶ್ರಾವಣಕ್ಕೆ. ಚಳಿಗಾಲಕ್ಕೆ, ಮಳೆಗೆ ಹೊದೆಯುವ ಕಂಬಳಿಕೊಪ್ಪೆ, ಗೊರಬು ಎಲ್ಲ ಅಟ್ಟ ಸೇರಿರುತ್ತವೆ. ಮೈಯೂ ಒಂದು ಬಗೆಯಲ್ಲಿ ಅಟ್ಟ ಸೇರಿರುತ್ತದೆ. ಆಗ ಬಂತು ಮೂರು ದಿನ ಬಿಡದ ಬಿರುಗಾಳಿ, ಮಳೆ, ಹಲ್ಲು ಕಟಕಟಿಸುವ ಚಳಿ. ಮರಗಳು ಬಿದ್ದು ಸಾಗರದ ರಸ್ತೆ ಕಟ್ಟಿತು, ಬಸ್ಸು ನಿಂತಿತು. ಹಗಲು ಹನ್ನೆರಡಕ್ಕೂ ಸಂಜೆ ಆರಕ್ಕೂ ವ್ಯತ್ಯಾಸ ತಿಳಿಯದಷ್ಟು ಮೋಡ.

ನಮ್ಮ ವಾಚನಾಲಯದಲ್ಲಿ ಒಂದು ಸಹಾಯಕ ಸಂಘವಿತ್ತು. ಅದುವರೆಗೆ ಅದು ಯಾರಿಗೂ ಸಹಾಯ ಮಾಡಿದ್ದಿಲ್ಲ. ಒಬ್ಬರು ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಕಾರ್ಯದರ್ಶಿ ನಾನು. ಇನ್ನುಳಿದವನು ಗೇಣಿ ಗದ್ದೆ ಮಾಡುತ್ತಿದ್ದ ಚೆನ್ನಪ್ಪ. ಅವನೊಬ್ಬನೇ ಸದಸ್ಯ. ಮಳೆ ಹಿಡಿದ ಮೊದಲ ಬೆಳಗ್ಗೆ ತುರ್ತು ಸಭೆ ಕರೆದೆವು. ಪೇಟೆಯ ಮನೆಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸತಕ್ಕದ್ದು ಎಂದು ನಾನು ನಿರ್ಣಯ ಬರೆದೆ. 'ವಿಚಾರಿಸತಕ್ಕದ್ದು' ಎಂದರೆ ಅಧಿಕಾರವಾಣಿಯಾಯಿತು, 'ವಿಚಾರಿಸಬಹುದು' ಎಂದಿರಲಿ ಎಂದು ಒಬ್ಬ ಉಪಾಧ್ಯಕ್ಷರು ತಿದ್ದುಪಡಿ ತಂದರು. ಅದು ಮುಗಿಯುವಷ್ಟರಲ್ಲಿ ಚೆನ್ನಪ್ಪ ತೊಯ್ದು ತೊಪ್ಪೆಯಾಗಿ ಒಳಗೆ ಬಂದ.

"ಹಿಂದಿನ ಬೀದೀಲಿ ಎರಡು ಮನೆ ಮಾಡು ಹಾರ್ಹೋಗಿದೆ. ಅವ್ರನ್ನೆಲ್ಲ ಶಾಲೇಲಿ ಕೂರ್ಸಿ ಬಂದೆ. ಬೀಗ ಒಡ್ದೆ ಮೇಷ್ಟ್ರೇ, ನೀವು ಬರ್ಕಳಿ" ಎಂದ.

ಬರೆದುಕೊಂಡೆ. ಅವನು ಹೊರಗೆ ಹೋಗಿದ್ದೇ ನನಗೆ ಗೊತ್ತಿರಲಿಲ್ಲ.

ಸಂಘಕ್ಕೆ ನಿಜವಾದ ಪೇಚು ತಂದದ್ದು ಪದ್ಮಾವತಮ್ಮನವರು. ಕೆಳಬೀದಿಯ ಕೊನೆಯ ಮನೆಯಲ್ಲಿದ್ದ ಜೈನರ ಮುದುಕಿ. ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತಿಡದ ನೇಮವನ್ನು ಏಳನೆಯ ವಯಸ್ಸಿನಿಂದ ತಪ್ಪದೆ ನಡೆಸಿಕೊಂಡು ಬಂದವರು. ಕಣ್ಣಿಗೆ ಪೊರೆ ಬಂದಿತ್ತು. ಅಡಿಗೆ ಮಾಡಿ, ಹೊತ್ತು ಹೇಳುತ್ತಿದ್ದ ತಮ್ಮನ ಮಗಳು ಸಾಗರಕ್ಕೆ ನೆಂಟರ ಬಾಣಂತನ ಮಾಡಲು ಹೋದವಳು ಬಸ್ಸಿಲ್ಲದೆ ಅಲ್ಲೇ ಉಳಿದಿದ್ದಳು. ಮೇಲಿಂದ ಮುದುಕಿಗೆ ಜ್ವರ. ಉಪಾಧ್ಯಕ್ಷರಿಬ್ಬರೂ ಜೈನರ ಅಂಗಡಿ ಮನೆಯಿಂದ ಗಂಜಿ ಮಾಡಿಸಿಕೊಂಡು ಎರಡು ದಿನ ಮಧ್ಯಾಹ್ನ ಹೋದರು. ಆಕೆ ಕೇಳಿದ್ದು ಒಂದೇ ಮಾತು: ದೀಪವಿಲ್ಲದೆ ಅಂಗೈ ಗೆರೆ ಕಾಣ್ತದಾ? ಕಂಡರೆ ಹಗಲು, ಉಣ್ಣಬಹುದು, ಕಾಣದಿದ್ದರೆ ಇಲ್ಲ. ಮೋಡದ ದಿನಕ್ಕೆ ಹಿರಿಯರು ಹೇಳಿಕೊಟ್ಟ ಲೆಕ್ಕ ಅದಂತೆ. ಇವರು ಕಾಣುತ್ತದೆ ಎಂದರು. ಆಕೆ "ಅಲ್ಲಿಟ್ಟು ಹೋಗಿ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಎರಡು ದಿನವೂ ಗಂಜಿ ಇಟ್ಟಲ್ಲೇ ಇತ್ತು.

ಮೂರನೆಯ ದಿನ ಪಂಡಿತರು ನಾಡಿ ನೋಡಿ, "ಇವತ್ತೂ ಹೊಟ್ಟೆಗೆ ಬೀಳದಿದ್ರೆ ಬೆಳಗಿನ ತನಕ ನಾನು ಹೇಳೋಕಾಗಲ್ಲ" ಎಂದುಬಿಟ್ಟರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಮೈಸೂರಲ್ಲಿ ತರ್ಕ ಓದಿದೋರು. ಹೋಗಿ ಒಪ್ಸಿ." ನನ್ನ ತರ್ಕದಿಂದ ಆ ತನಕ ಒಬ್ಬರೂ ಯಾವುದಕ್ಕೂ ಒಪ್ಪಿದ್ದಿಲ್ಲವೆಂದು ಹೇಳಬೇಕೆನಿಸಿತು. ಆದರೆ ಹಾಗೆ ಹೇಳಿದರೆ ಅವರು ಕೂಡಲೇ ಒಪ್ಪಿಬಿಡುತ್ತಿದ್ದರು.

ಬಿಸಿ ಗಂಜಿಯ ಪಾತ್ರೆಯನ್ನು ಕಂಬಳಿಯೊಳಗೆ ಅವಚಿಕೊಂಡು ಚೆನ್ನಪ್ಪನೂ ಲಾಟೀನು ಹಿಡಿದು ನಾನೂ ಹೊರಟೆವು. ದಾರಿಗೆ ಮಾವಿನ ಮರವೊಂದು ಅಡ್ಡ ಬಿದ್ದು, ಬಳಸಿಕೊಂಡು ಹೋಗುವಷ್ಟರಲ್ಲಿ ಹೊತ್ತು ಬಹಳ ಕಳೆಯಿತು. ಎಷ್ಟೆಂದು ಹೇಳಲು ಸೂರ್ಯನಿಲ್ಲ. ಗಡಿಯಾರವೇನೋ ನನ್ನ ಜೇಬಿನಲ್ಲಿತ್ತು.

ಪದ್ಮಾವತಮ್ಮನವರು ಕಂಬಳಿ ಹೊದ್ದು ಸಣ್ಣ ಮುದ್ದೆಯಾಗಿ ಮಲಗಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. ಮೋಡವೆಂಬುದು ನಮಗೂ ಸೂರ್ಯನಿಗೂ ನಡುವಿನ ಒಂದು ತೆರೆಯಷ್ಟೇ, ತೆರೆ ಬಿದ್ದ ಮಾತ್ರಕ್ಕೆ ಸೂರ್ಯ ಮುಳುಗಿದನೆಂದಲ್ಲ, ಪಂಚಾಂಗದ ಪ್ರಕಾರ ಸೂರ್ಯಾಸ್ತಕ್ಕೆ ಇನ್ನೂ ಅರ್ಧ ಗಂಟೆಯಾದರೂ ಇದೆ ಎಂದು ಮೂರು ಮೆಟ್ಟಿಲಲ್ಲಿ ವಾದ ಹೂಡಿ, ಕೊನೆಯ ಪ್ರಮಾಣವಾಗಿ ಗಡಿಯಾರ ತೆಗೆದೆ. ಅದು ಹತ್ತಕ್ಕೆ ಹತ್ತು ನಿಮಿಷವಿದೆ ಎಂದು ತೋರಿಸುತ್ತಿತ್ತು. ನೀರು ಹೊಕ್ಕು ನಿಂತಿತ್ತೋ, ಕೀಲಿ ಕೊಡಲು ನಾನೇ ಮರೆತಿದ್ದೆನೋ, ಇವತ್ತಿಗೂ ತಿಳಿಯದು.

"ಗಡಿಯಾರ ಇರ್ಲಿ ಮೇಷ್ಟ್ರೇ" ಎಂದರು ಆಕೆ. ದನಿ ಸೋತಿತ್ತು. "ಆ ಲಾಟೀನು ಹೊರಗಿಡಿ. ಅಂಗೈ ಗೆರೆ ಕಾಣ್ತದಾ, ನೋಡಿ ಹೇಳಿ."

ಲಾಟೀನು ಹೊರಗಿಟ್ಟು ಬಂದು ಅಂಗೈ ನೋಡಿಕೊಂಡೆ. ಹೆಬ್ಬೆರಳ ಬುಡ ಸುತ್ತಿದ ಗೆರೆ ಕಂಡಿತು. ಬಾಯಿ ತೆರೆದೆ. ಅಷ್ಟರಲ್ಲಿ ಸಂಶಯ ಹತ್ತಿತು. ನಿಜವಾಗಿ ಕಂಡಿತೋ, ಅದು ಅಲ್ಲಿರುವುದು ಗೊತ್ತಿದ್ದುದರಿಂದ ಕಂಡಂತಾಯಿತೋ? ಇಪ್ಪತ್ತೆಂಟು ವರ್ಷ ಜೊತೆಗಿದ್ದ ಕೈ. ಸ್ಮೃತಿ, ಅಂದರೆ ನೆನಪು, ತಿಳಿವಿಗೆ ಪ್ರಮಾಣವಲ್ಲ ಎಂದು ನ್ಯಾಯಶಾಸ್ತ್ರದವರು ಹೇಳಿದ್ದನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದವನು ನಾನು. ಕಾಣುತ್ತದೆ ಎಂದು ತಪ್ಪಾಗಿ ಹೇಳಿದರೆ ಒಂದು ಜನ್ಮದ ನೇಮ ನನ್ನ ಬಾಯಿಂದ ಮುರಿಯುತ್ತದೆ. ಕಾಣುವುದಿಲ್ಲ ಎಂದರೆ ಆ ಜೀವ ಬೆಳಗಿನವರೆಗೆ ಉಳಿಯುತ್ತದೋ ಇಲ್ಲವೋ.

ಪರಿಚಯವಿಲ್ಲದ ಕೈಯಾದರೆ ಪರೀಕ್ಷೆ ಶುದ್ಧವಾಗಿರುತ್ತದೆ ಎಂದು ಹೊಳೆಯಿತು. ಚೆನ್ನಪ್ಪನ ಕೈ ಎಳೆದು ಮುಖದ ಹತ್ತಿರ ಹಿಡಿದೆ.

"ನನ್ ಕೈಲಿ ಎಂತ ನೋಡ್ತೀರಿ ಮಾರಾಯ್ರೆ?" ಎಂದ ಅವನು. "ನೇಗ್ಲು ಹಿಡ್ದು ಗೆರೆ ಎಲ್ಲ ಸವ್ದು ಹೋಗಿದೆ. ನಡು ಮಧ್ಯಾಹ್ನದಲ್ಲೂ ಅಲ್ಲಿ ಎಂತದೂ ಕಾಣಲ್ಲ." ಆಮೇಲೆ ಕಿವಿಯ ಹತ್ತಿರ ಬಂದು, "ಹೂಂ ಅಂದ್ಬಿಡಿ. ಗಂಜಿ ಆರ್ತಾ ಇದೆ" ಎಂದು ಪಿಸುಗುಟ್ಟಿದ.

ಬಾಗಿಲ ಬಳಿ ಹೋಗಿ ನೋಡಿಕೊಂಡೆ. ಆದರೆ ಬಾಗಿಲ ಬಳಿ ಕಂಡದ್ದು ಆಕೆ ಮಲಗಿದ್ದ ಜಾಗಕ್ಕೆ ಸಲ್ಲುತ್ತದೆಯೇ? ಹಿಂದೆ ಬಂದು ನೋಡಿದೆ. ಎಡಗೈ ನೋಡಿದೆ. ಕಣ್ಣು ಮುಚ್ಚಿ, ಗೆರೆಗಳನ್ನು ಮರೆಯಲು ಯತ್ನಿಸಿ, ಮತ್ತೆ ತೆರೆದು ನೋಡಿದೆ. ಚೆನ್ನಪ್ಪ ನಿಟ್ಟುಸಿರು ಬಿಟ್ಟ.

"ಒಂದು ಗೆರೆ ಕಾಣ್ತದಮ್ಮ" ಎಂದೆ ಕೊನೆಗೆ. "ಉಳಿದವು ಕಾಣೋದಿಲ್ಲ."

"ಒಂದು ಸಾಕು. ಕೊಡಿ" ಎಂದರು ಆಕೆ. ಚೆನ್ನಪ್ಪ ಎತ್ತಿ ಕೂರಿಸಿದ. ನಿಧಾನವಾಗಿ ಪಾತ್ರೆಯ ತಳ ಕಾಣುವವರೆಗೆ ಕುಡಿದರು.

ಹೀಗೆ ಹೇಳಿದೆನೆಂದು ನನಗೆ ನೆನಪು. ಚೆನ್ನಪ್ಪನನ್ನು ಕೇಳಿದರೆ, "ಒಂದೂ ಇಲ್ಲ ಎರಡೂ ಇಲ್ಲ, ಬರೀ ಹೂಂ ಅಂದ್ರಿ, ಅದೂ ನಾನು ತಿವಿದ್ಮೇಲೆ" ಎನ್ನುತ್ತಾನೆ. ಅವನೂ ಅಲ್ಲೇ ಇದ್ದವನು. ನನ್ನಷ್ಟು ಓದಿಲ್ಲದ್ದರಿಂದ ಅವನ ನೆನಪು ಹೆಚ್ಚು ಚೊಕ್ಕಟವಾಗಿರಬಹುದು.

ಮಾರನೆಯ ದಿನ ಬಿಸಿಲು ಬಂತು. ಪದ್ಮಾವತಮ್ಮನವರ ಜ್ವರ ಇಳಿಯಿತು. ನನ್ನದು ಏರಿತು, ತೊಯ್ದದ್ದಕ್ಕೆ ಎಂದರು ಪಂಡಿತರು. ಆ ಗೆರೆ ಕಂಡದ್ದೋ ನೆನಪಾದದ್ದೋ ಎಂಬುದು ಮಾತ್ರ ಜ್ವರ ಬಿಟ್ಟ ಮೇಲೂ ಬಿಡಲಿಲ್ಲ. ಎಷ್ಟೋ ದಿನದ ಮೇಲೆ ಒಂದು ಪುಸ್ತಕದಲ್ಲಿ, ಸ್ಮೃತಿಯನ್ನೂ ಪ್ರಮಾಣವೆಂದು ಒಪ್ಪಿದವರು ಜೈನ ತಾರ್ಕಿಕರು ಎಂದು ಓದಿದೆ. ಹಿಂದೆಯೂ ಓದಿದ್ದೆ, ಗುರುತು ಹಾಕಿದ್ದೆ. ಜೈನರ ಮನೆಯಲ್ಲೇ ನಿಂತಿದ್ದಾಗ ಅದೊಂದೇ ನನಗೆ ನೆನಪಾಗಲಿಲ್ಲ.

ತಡೆಯಲಾರದೆ ಒಂದು ದಿನ ಹೋಗಿ ಒಪ್ಪಿಕೊಂಡೆ. "ಅಮ್ಮಾ, ಅವತ್ತು ಗೆರೆ ಕಂಡಿತ್ತೋ ಇಲ್ವೋ, ನಂಗೆ ಈಗ ಖಾತ್ರಿ ಇಲ್ಲ. ನಿಮ್ಮ ನೇಮ ನಾನು ಕೆಡಿಸಿದೆನೋ ಏನೋ."

ಆಕೆ ಬೊಚ್ಚು ಬಾಯಿ ತೆರೆದು ನಕ್ಕರು. "ಅವರಿಬ್ರು ಬಂದ್ರಲ್ಲ, ಒಬ್ರ ಎರಡು ಕೈಲೂ ಪಾತ್ರೆ, ಕೆಳಗಿಟ್ಟ ಸದ್ದು ಆಮೇಲೆ ಬಂತು. ಇನ್ನೊಬ್ರು ಕೊಡೆ ಮಡಿಸ್ತಾ ಇದ್ರು, ನಂಗೆ ಸದ್ದು ಕೇಳ್ತು. ನಾನು ಕೇಳಿ ಮುಗ್ಸೋದ್ರೊಳಗೆ ಕಾಣ್ತದೆ ಕಾಣ್ತದೆ ಅಂದ್ರು. ಅಂಗೈನ ಎಲ್ಲಿಂದ ನೋಡಿದ್ರೋ! ನೀವು ನೋಡಿದ್ರಿ, ನೋಡಿದ್ರಿ, ಗಂಜಿ ತಣ್ಣಗಾಗಿ ಕೆನೆ ಕಟ್ಟೋ ತನಕ ನೋಡಿದ್ರಿ. ಸುಳ್ಳು ಹೇಳೋರು ಅಷ್ಟು ಹೊತ್ತು ಕಾಯ್ತಾರಾ ಮೇಷ್ಟ್ರೇ?"

ನನ್ನ ಸಂಶಯಬುದ್ಧಿಯಿಂದ ಲೋಕಕ್ಕೆ ಆದ ಉಪಕಾರ ಇದೊಂದೇ. ಅದೂ ನಂಬಿಕೆಯ ರೂಪದಲ್ಲಿ ಆಯಿತು. ಸಂಘದ ನಡವಳಿ ಪುಸ್ತಕದಲ್ಲಿ 'ಕಾರ್ಯದರ್ಶಿಯವರ ತರ್ಕಕ್ಕೆ ಒಪ್ಪಿ ಊಟ ಮಾಡಿದರು' ಎಂದು ಬರೆದಿದೆ. ಬರೆದವನು ನಾನೇ. ತಿದ್ದಬೇಕು.

ಈಗಲೂ ಜಗಲಿಯ ಮೇಲೆ ಕೂತಿದ್ದೇನೆ. ಹೊತ್ತು ಮುಳುಗುತ್ತಿದೆ, ಅಂಗೈ ಮಸುಕಾಗುತ್ತಿದೆ. ಒಳಗಿನಿಂದ ಹೆಂಡತಿ ಕೇಳುತ್ತಾಳೆ:

"ಎಷ್ಟು ಕಾಣ್ತವೆ?"

"ಒಂದು ಇರಬಹುದು."

"ಹಾಗಾದ್ರೆ ಬನ್ನಿ ಊಟಕ್ಕೆ. ಕೆನೆ ಕಟ್ಟಿದ್ ಮೇಲೆ ಉಣ್ಣೋರು ಈ ಮನೇಲಿ ಯಾರೂ ಇಲ್ಲ."