ಚಿಗರಿಗೆ ಹಚ್ಚಿದ ನೆರಳು

ನಮ್ಮ ಹೊಲ ಐಗಳಿಯಿಂದ ಸ್ವಲ್ಪ ಆಚೆ. ದ್ರಾಕ್ಷಿ, ಕಬ್ಬು, ನಡುವೆ ಒಣದ್ರಾಕ್ಷಿ ಮಾಡುವ ಶೆಡ್ಡು. ಶೆಡ್ಡಿನ ಹಿಂದೆ ಮಡ್ಡಿ, ಅಂದರೆ ಕಲ್ಲು ಮತ್ತು ಹುಲ್ಲು ಬಿಟ್ಟರೆ ಏನೂ ಇಲ್ಲದ ದಿಬ್ಬದ ನೆಲ. ಅಲ್ಲಿ ಚಿಗರಿಗಳು, ಕೃಷ್ಣಮೃಗದ ಹಿಂಡು, ಮಲಗುತ್ತಿದ್ದವು. ಮಧ್ಯಾಹ್ನ ಎಲ್ಲರ ಊಟ ಮುಗಿಸಿ ಶೆಡ್ಡಿನ ಹಿಂಬದಿಯ ಕಟ್ಟೆಗೆ ಕುಳಿತರೆ ಹುಲ್ಲಿನ ನಡುವೆ ಅವುಗಳ ಕಿವಿ ಕಾಣುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಅರ್ಧ ತಾಸು ಮಾತ್ರ. ಉಳಿದದ್ದೆಲ್ಲ ಮನೆತನದ್ದು.

ಪೈಪ್‌ಲೈನಿನ ನೀರು ಮಡ್ಡಿಯ ಬುಡಕ್ಕೆ ಬಂದ ವರ್ಷ ನನ್ನ ಮೈದುನ ಅದನ್ನು ಸಪಾಟು ಮಾಡಿ ಕಬ್ಬು ಹಚ್ಚುವ ಮಾತೆತ್ತಿದ. ನಾನು ಮುಖ ಗಂಟು ಹಾಕಿಕೊಂಡೇ ರೊಟ್ಟಿ ಬಡಿಸತೊಡಗಿದೆ. ಅವನು ಕೆಟ್ಟವನಲ್ಲ. ಒಂದು ದಿನ ತಾನಾಗಿಯೇ ಹೇಳಿದ:

"ಚಿಗರಿ ಬಂದ ಮಲಗೂತನಕ ಮಡ್ಡಿಗೆ ಕೈ ಹಚ್ಚೂದಿಲ್ಲ ತಗೋರಿ ವೈನಿ. ಅವು ಹ್ವಾದ ಮ್ಯಾಲ ಮಾತ್ರ ಬ್ಯಾಡ ಅನಬ್ಯಾಡ್ರಿ."

ಅಂದಿನಿಂದ ಅವು ಹೋಗದ ಹಾಗೆ ನೋಡಿಕೊಳ್ಳುವುದೇ ನನ್ನ ಚಿಂತೆಯಾಯಿತು. ಬೇಸಿಗೆಯಲ್ಲಿ ಮಡ್ಡಿ ಕಾದ ಹಂಚಾಗುತ್ತದೆ. ಆ ಬಿಸಿಲಲ್ಲಿ ಅವು ಬಾಯಿ ತೆರೆದುಕೊಂಡು ಮಲಗಿರುತ್ತಿದ್ದವು. ಇವಕ್ಕೆ ನೆರಳು ಬೇಕು, ವರ್ಷವಿಡೀ ಎಲೆ ಇರುವ ಗಿಡ ಬೇಕು ಅಂತ ನಾನೇ ತೀರ್ಮಾನ ಮಾಡಿದೆ. ಚಿಗರಿಯನ್ನು ಯಾರು ಕೇಳಿದರು?

ಗಿಡ ಆರಿಸುವುದರಲ್ಲಿ ಮನೆಯವರೆಲ್ಲ ಸೇರಿಕೊಂಡರು. ನನ್ನನ್ನು ನೋಡಲು ಬಂದಾಗಲೂ ಇವರು ಇಷ್ಟು ಕೊಂಕು ತೆಗೆದಿರಲಿಲ್ಲ. ಬೇವು ಅಂದರೆ ಚಳಿಗಾಲ ಮುಗಿಯುವ ಹೊತ್ತಿಗೆ ಎಲೆ ಉದುರಿಸಿ ನಿಲ್ಲುತ್ತದೆ, ಬಿಸಿಲು ಏರುವಾಗಲೇ ಕೈಕೊಡುತ್ತದೆ. ನೇರಳೆ ಹಸಿರಾಗಿರುತ್ತದೆ, ಆದರೆ ಹಣ್ಣಿಗೆ ಊರಿನ ಮಕ್ಕಳೆಲ್ಲ ಕಲ್ಲು ಹಿಡಿದು ಬರುತ್ತಾರೆ. ಹುಣಸೆ ನೆರಳು ಕೊಡುವಷ್ಟರಲ್ಲಿ ನಾವೇ ಇರುವುದಿಲ್ಲ ಅಂತ ಅತ್ತೆ ನಕ್ಕರು. ಕೊನೆಗೆ ನನ್ನ ಗಂಡ ಹುಲಗಲ ಅಂದರು. ಪುಸ್ತಕದಲ್ಲಿ ಹೊಂಗೆ ಅನ್ನುತ್ತಾರಲ್ಲ, ಅದೇ. ಎಲೆ ಉದುರಿಸುತ್ತಲೇ ಚಿಗುರುತ್ತದೆ, ಆಡು ಬಾಯಿ ಹಾಕುವುದಿಲ್ಲ, ಕಾಯಿಗೆ ಮಕ್ಕಳು ಬರುವುದಿಲ್ಲ, ಕೊಂಬೆ ಕೆಳಗಿನಿಂದಲೇ ಹರಡುತ್ತದೆ. ನನಗೆ ಬಹಳ ಸಂತೋಷವಾಯಿತು.

ಅಥಣಿಯ ನರ್ಸರಿಯಿಂದ ಸಸಿ ತಂದೆವು. ಹುಲ್ಲು ಒತ್ತಿದ ಗುರುತು ನೋಡಿ, ಚಿಗರಿ ಎಲ್ಲಿ ಮಲಗುತ್ತಿದ್ದವೋ ಅಲ್ಲೇ ಗುಂಡಿ ತೋಡಿಸಿದೆ. ಮೈದುನನೂ ಹಾರೆ ಹಿಡಿದ. ದ್ರಾಕ್ಷಿ ಬೆಳೆಯುವ ಜನ ನಾವು, ನಮಗೆ ಬೇರೆ ರೀತಿ ಬರುವುದಿಲ್ಲ: ದಾರ ಹಿಡಿದು ಸಾಲು ಮಾಡಿ, ತೋಟದಿಂದ ತೆಗೆದ ಹಳೆಯ ಡ್ರಿಪ್ ಪೈಪು ಎಳೆದು, ಗೊಬ್ಬರ ಕೊಟ್ಟು ಬೆಳೆಸಿದೆವು. ಗಿಡಗಳು ಹಟಕ್ಕೆ ಬಿದ್ದಂತೆ ಎದ್ದವು. ಮೂರನೆಯ ಬೇಸಿಗೆಗೆ ಆಳೆತ್ತರ ದಾಟಿ ಸಾಲಿಗೆ ಸಾಲು ಕೂಡಿಕೊಂಡವು. ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತಿತ್ತು.

ಚಿಗರಿಗಳು ಮಾತ್ರ ಒಳಗೆ ಬರಲಿಲ್ಲ. ಮೊದಲು ಅಂಚಿನಲ್ಲಿ ಮಲಗಿದವು. ಆಮೇಲೆ ಮಲಗುವುದನ್ನು ಬಿಟ್ಟು ನಿಂತೇ ಇರತೊಡಗಿದವು, ಮುಖ ಗಿಡಗಳ ಕಡೆಗೆ. ರೂಢಿಯಾಗಲಿ ಅಂತ ನಾನು ಕಾದೆ. ಆ ತಂಪನ್ನು ಮೊದಲು ಕಂಡುಕೊಂಡದ್ದು ಊರ ನಾಯಿಗಳು. ಒಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕೂತಿದ್ದಾಗಲೇ ಮೂರು ನಾಯಿ ಆ ನೆರಳಿನಿಂದ ಎದ್ದು ಹುಲ್ಲಿನ ಕಡೆ ಓಡಿದವು. ಚಿಗರಿಯ ಮರಿಯೊಂದು ಅಲ್ಲಿ ಅಡಗಿತ್ತು. ತಾಯಿ ದೂರದಲ್ಲಿ ಸುತ್ತು ಹಾಕುತ್ತಿತ್ತು. ನಾನು ಕೂಗುತ್ತ, ಕಲ್ಲು ಬೀಸುತ್ತ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರಿಯ ಮೈ ಇನ್ನೂ ಬೆಚ್ಚಗಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

ಆಗ ತಿಳಿಯಿತು. ಚಿಗರಿಗೆ ಬೇಕಾದದ್ದು ನೆರಳಲ್ಲ, ಬಯಲು. ಯಾರು ಬಂದರೂ ದೂರದಿಂದಲೇ ಕಾಣುವಂಥ ಜಾಗದಲ್ಲಿ ಮಾತ್ರ ಅದು ಧೈರ್ಯವಾಗಿ ಮಲಗುತ್ತದೆ. ಸುತ್ತ ಕಬ್ಬು ಎದ್ದ ಈ ಸೀಮೆಯಲ್ಲಿ ಅಂಥ ಜಾಗ ಉಳಿದದ್ದು ಇದೊಂದೇ. ಅದರ ಕಣ್ಣಿಗೆ ನಾವು ಸಾಲು ಸಾಲಾಗಿ, ನೀರು ಗೊಬ್ಬರ ಹಾಕಿ, ಅಡ್ಡಗೋಡೆ ಕಟ್ಟಿದ್ದೆವು. ಮಳೆಗಾಲದ ಹೊತ್ತಿಗೆ ಮಡ್ಡಿಯಲ್ಲಿ ಒಂದೂ ಇರಲಿಲ್ಲ.

ಗಿಡಗಳನ್ನು ಬುಡಕ್ಕೆ ಕಡಿಸಿದೆ. ಅವು ಹೋದ ಮೇಲೆ ಬೇಡ ಅನ್ನಬಾರದು ಎಂದಿದ್ದನ್ನು ಮೈದುನ ನೆನಪಿಸಲಿಲ್ಲ, ಆಳುಗಳನ್ನು ತಾನೇ ಕರೆತಂದ. ಮಳೆಗೆ ಹುಲ್ಲು ಮೊದಲಿಗಿಂತ ಚೆನ್ನಾಗಿ ಬಂತು. ದೀಪಾವಳಿ ಬಂತು, ಹುಲ್ಲು ಒಣಗಿತು, ಮತ್ತೆ ಬೇಸಿಗೆ ಬಂತು. ದಿನಾ ನೋಡಿದೆ. ಗಾಳಿಗೆ ಹುಲ್ಲು ಅಲುಗಿದರೂ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದೆ. ಯಾವುದೂ ಬರಲಿಲ್ಲ. ಹೋದವು ಎಲ್ಲಿಗೆ ಹೋದವು, ಹೋಗಲು ಎಲ್ಲಾದರೂ ಜಾಗ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

ಕೊನೆಗೆ ಒಂದು ದಿನ ಟ್ರ್ಯಾಕ್ಟರ್ ಒರೆಸುತ್ತಿದ್ದ ಮೈದುನನ ಹತ್ತಿರ ನಾನೇ ಹೋಗಿ, ಮಡ್ಡಿ ಹರಗಿ ಸಪಾಟು ಮಾಡಿಸಿಬಿಡಿ ಅಂದೆ. ಅವನು ಒರೆಸುವ ಬಟ್ಟೆಯನ್ನು ಟ್ರ್ಯಾಕ್ಟರಿನ ಮೇಲಿಟ್ಟ.

"ಇನ್ನೊಂದ ವರ್ಷ ನೋಡೂಣಲ್ರಿ ವೈನಿ," ಅಂದ.

"ಬ್ಯಾಡ," ಅಂದೆ. "ಖಾಲಿ ಮಡ್ಡಿ ನೋಡಕೋತ ನನಗ ಕುಂದ್ರಾಕ ಆಗೂದಿಲ್ಲ. ಕಬ್ಬ ಹಚ್ರಿ."