ಹಿಮಾಲಯದ ಹಿಟ್ಟು

ನನ್ನ ಅತ್ತೆ ತಮ್ಮ ಸಾವಿಗೆಂದು ಇಟ್ಟುಕೊಂಡಿದ್ದ ಗಂಗೆಯನ್ನು ನಾನು ಕದ್ದೆ. ಕದ್ದು, ಅದೇ ಗಿಂಡಿಗೆ ಆಗ ನಾವಿದ್ದ ಲೊಂಬಾರ್ಡ್ ಊರಿನ ಅಪಾರ್ಟ್‌ಮೆಂಟಿನ ಕೊಳಾಯಿ ನೀರು ತುಂಬಿ, ಮುಚ್ಚಳಕ್ಕೆ ಮತ್ತೆ ಬೆಸುಗೆ ಹಾಕಿ, ದೇವರ ಮುಂದೆ ಇದ್ದಲ್ಲೇ ಇಟ್ಟೆ.

ಕದಿಯುವ ಮೊದಲು ಏನೇನು ಕೆಡಬಹುದೆಂದು ಪಟ್ಟಿ ಮಾಡಿದ್ದೆ—ಮನಸ್ಸಿನಲ್ಲಲ್ಲ, ಹಳದಿ ಕಾಗದದ ಮೇಲೆ. ಬೆಸುಗೆಯ ಹೊಗೆಗೆ ಸ್ಮೋಕ್ ಅಲಾರಂ ಕೂಗಿ, ಮಧ್ಯಾಹ್ನ ಮಲಗಿದ ಅತ್ತೆ ಎದ್ದುಬಿಡಬಹುದು. ಗಿಂಡಿ ಕೈಜಾರಿ ಕಾರ್ಪೆಟ್ಟಿನ ಮೇಲೆ ಗಂಗೆ ಹರಿಯಬಹುದು. ಹೊಸ ಬೆಸುಗೆ ಹಳೆಯದಕ್ಕಿಂತ ಹೆಚ್ಚು ಹೊಳೆಯಬಹುದು. ಒಳಗಿನ ಕಲಾಯಿ ಕಿತ್ತುಬರಬಹುದು. ನೀರಿನಲ್ಲಿ ಏನೋ ಇದ್ದು ಮಗಳಿಗೆ ಜ್ವರ ಬರಬಹುದು. ಗಿಡ ಸಾಯಬಹುದು. ತೀರ್ಪುಗಾರರು ಅನುಮಾನ ಪಡಬಹುದು. ಹೆಂಡತಿ ನಿರ್ಮಲಾ ಆಫೀಸಿನಿಂದ ಬೇಗ ಬರಬಹುದು. ಕೊನೆಯ ಸಾಲು—ನಗಬೇಡಿ—ಗಂಗೆಗೇ ಸಿಟ್ಟು ಬರಬಹುದು.

ಆಗ ನನ್ನ ಉದ್ಯೋಗವೇ ಅದು. ಪಕ್ಕದೂರು ಲೈಲ್‌ನ ಒಂದು ಆಫೀಸಿನಲ್ಲಿ ಕೂತು, ಇಸವಿ ಎರಡು ಸಾವಿರ ಹುಟ್ಟುವ ಗಳಿಗೆಯಲ್ಲಿ ಕಂಪ್ಯೂಟರುಗಳಲ್ಲಿ ಏನೇನು ಕೆಡಬಹುದೆಂದು ಪಟ್ಟಿ ಮಾಡುವುದು. ಅಲ್ಲಿ ಸಂಬಳಕ್ಕೆ ಮಾಡುತ್ತಿದ್ದುದನ್ನು ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದೆ. ಆ ಪಟ್ಟಿಯಲ್ಲೂ ಏನೂ ಕೆಡಲಿಲ್ಲ, ಈ ಪಟ್ಟಿಯಲ್ಲೂ ಏನೂ ಕೆಡಲಿಲ್ಲ. ಆದರೆ ಪಟ್ಟಿಯಲ್ಲಿ ಬರೆಯದೇ ಬಿಟ್ಟದ್ದು ಒಂದಿತ್ತು...

ಮೊದಲಿನಿಂದ ಹೇಳುತ್ತೇನೆ. ಹೇಳದಿದ್ದರೆ ಪಟ್ಟಿಯಲ್ಲೇ ಸುತ್ತುತ್ತಿರುತ್ತೇನೆ.

ಶಾರದಮ್ಮ, ನನ್ನ ಅತ್ತೆ, ಮಾವನವರು ತೀರಿಕೊಂಡ ಮೇಲೆ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದರು. ಎರಡು ಸೂಟ್‌ಕೇಸು, ಕೈಚೀಲದಲ್ಲಿ ಒಂದು ಹಿತ್ತಾಳೆ ಗಿಂಡಿ. ವಿಮಾನದಲ್ಲಿ ನೀರು ಒಯ್ಯುವುದನ್ನು ಯಾರೂ ಕೇಳದ ಕಾಲ ಅದು. ಗಿಂಡಿಯಲ್ಲಿದ್ದದ್ದು ಗಂಗೋತ್ರಿಯಲ್ಲಿ ಮಾವನವರ ಜೊತೆ ನಿಂತು ಸ್ವತಃ ತುಂಬಿಸಿಕೊಂಡ ನೀರು. ಹರಿದ್ವಾರದಲ್ಲಿ ಮುಚ್ಚಳಕ್ಕೆ ಬೆಸುಗೆ ಹಾಕಿಸಿದ್ದರು. ಪ್ರಾಣ ಹೋಗುವಾಗ ಬಾಯಿಗೆ ಬಿಡಲೆಂದು. ಪ್ರತಿ ಶುಕ್ರವಾರ ಹುಣಿಸೆಹಣ್ಣು ಹಾಕಿ ಅದನ್ನು ಬೆಳಗುತ್ತಿದ್ದರು, ಹೊರಗಿನಿಂದ ಮಾತ್ರ.

ಆ ಚಳಿಗಾಲ ನಮ್ಮ ಮಗಳು ಮೇಘನಾ ಎಂಟನೇ ತರಗತಿಯ ವಿಜ್ಞಾನ ಮೇಳಕ್ಕೆ ಹಿಮನದಿಯ ನೀರನ್ನು ಆರಿಸಿಕೊಂಡಿದ್ದಳು. ಮೂರು ಗಾಜಿನ ಜಾಡಿ: ಒಂದರಲ್ಲಿ ಭಟ್ಟಿ ಇಳಿಸಿದ ನೀರು, ಒಂದರಲ್ಲಿ ಕೊಳಾಯಿಯದು, ಒಂದರಲ್ಲಿ ಹಿಮನದಿ ಕರಗಿ ಬಂದದ್ದು. ಮೂರರಲ್ಲೂ ಕೆರೆಯ ಮೇಲೆ ತೇಲುವ ಚಿಟಿಕೆಯಷ್ಟು ಹಸಿರೆಲೆ ಬಿಟ್ಟು, ಯಾವುದು ಹೆಚ್ಚು ಹಬ್ಬುತ್ತದೆಂದು ದಿನಾ ಎಣಿಸುವುದು. ಅಜ್ಜಿಗೆ ಅರ್ಥವಾಗಲೆಂದು ಊಟದ ಮೇಜಿನ ಮೇಲೆ ಮುಷ್ಟಿಯನ್ನು ಉಜ್ಜಿ ತೋರಿಸುತ್ತಿದ್ದಳು.

"ಐಸ್ ಕೆಳಗೆ ಮೂವ್ ಆಗತ್ತೆ ಅಜ್ಜಿ. ಕಲ್ಲನ್ನ ಗ್ರೈಂಡ್ ಮಾಡತ್ತೆ. ಆ ಪೌಡರ್ ನೀರಲ್ಲಿ ಬರತ್ತೆ. ಅದರಲ್ಲಿ ಐರನ್, ಫಾಸ್ಫರಸ್. ಪ್ಲಾಂಟ್ಸ್ ಈಟ್ ಇಟ್. ಆಮೇಲೆ ಫಿಶ್."

"ಅಂದ್ರೆ ಹಿಮಾಲಯ ಒಂದು ದೊಡ್ಡ ಬೀಸೋ ಕಲ್ಲು ಅನ್ನು," ಎಂದರು ಅತ್ತೆ. "ಮೇಲೆ ಬೀಸತ್ತೆ, ಕೆಳಗಿನವರು ಉಣ್ತಾರೆ. ನಾನು ಉಂಡಿದೀನಲ್ಲ! ಗಂಗೋತ್ರೀಲಿ ಒಂದು ಬೊಗಸೆ ಕುಡಿದೆ. ಅಕ್ಕಿ ತೊಳೆದ ನೀರಿನ ಹಾಗಿತ್ತು. ನಾಲಗೆ ಮೇಲೆ ನುಣ್ಣಗೆ ಹಿಟ್ಟು ಉಳೀತು. ನಿಮ್ಮ ತಾತ ನಕ್ಕಿದ್ದೂ ನಕ್ಕಿದ್ದೇ—ಲೇ ಶಾರದಾ, ಹಿಮಾಲಯಾನೇ ತಿಂದುಬಿಟ್ಯಲ್ಲೇ, ಅಂತ."

ಈ ಕಥೆಯನ್ನು ನಾನು ಅದಾಗಲೇ ಹತ್ತು ಸಲ ಕೇಳಿದ್ದೆ. ಕೇಳಿದ್ದೆ ಎಂದರೆ—ಆ ಹೊತ್ತಿಗೆ ಬೇರೆ ಯಾವುದೋ ಚಿಂತೆಯಲ್ಲಿದ್ದೆ.

ಹಿಮನದಿಯ ನೀರು ಅಲಾಸ್ಕದಿಂದ ಬರಬೇಕಿತ್ತು. ನನ್ನ ಸಹೋದ್ಯೋಗಿಯೊಬ್ಬನ ತಮ್ಮ ಅಲ್ಲಿದ್ದ. ಬಂತು ಕೂಡ. ದಾರಿಯಲ್ಲಿ ಹೆಪ್ಪುಗಟ್ಟಿ ಬಾಟಲಿ ಒಡೆದು, ಪೆಟ್ಟಿಗೆಯ ತುಂಬ ಒದ್ದೆ ಕಾಗದ. ಮೇಳಕ್ಕೆ ಐದು ವಾರ ಉಳಿದಿತ್ತು. ಮೇಘನಾ ಅಳಲಿಲ್ಲ. ಮೂರನೆಯ ಜಾಡಿಯನ್ನು ಬೋರಲು ಹಾಕಿ, "ಇಟ್ಸ್ ಓವರ್, ಡ್ಯಾಡ್," ಎಂದಳು. ಆಮೇಲೆ ದೇವರ ಗೂಡಿನ ಕಡೆ ನೋಡಿದಳು.

"ಅಜ್ಜಿ, ನಿನ್ನ ಗಂಗಾ... ಸ್ವಲ್ಪ ಕೊಡ್ತೀಯಾ?"

ಅತ್ತೆ ಅವಳನ್ನು ಹತ್ತಿರ ಕೂರಿಸಿಕೊಂಡರು. "ನನ್ನ ಬಳೆ ಕೇಳು ಪುಟ್ಟಿ, ಈಗಲೇ ತೆಗೆದುಕೊಡ್ತೀನಿ. ಇದೊಂದು ಬೇಡ. ಇದು ನನ್ನ ಕೊನೇ ಗುಟುಕು." ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ನೀವೇ ಸ್ವಲ್ಪ ತಿಳಿಸಿ ಹೇಳಿ ಅವಳಿಗೆ."

ಹೇಳಿದೆ. ಹಿರಿಯರ ಭಾವನೆ, ಅದು ಇದು—ಚೆನ್ನಾಗಿಯೇ ಹೇಳಿದೆ. ಅದರ ಮಾರನೆಯ ದಿನ ರಜೆ ಹಾಕಿ, ಅತ್ತೆ ಮಲಗುವುದನ್ನು ಕಾದು, ಅಡುಗೆಮನೆಯ ಫ್ಯಾನ್ ಹಾಕಿ, ಕಾಲೇಜು ದಿನಗಳ ಬೆಸುಗೆಯ ಕಡ್ಡಿ ಕಾಯಿಸಿ ಮುಚ್ಚಳ ಎಬ್ಬಿಸಿದೆ. ಗಿಂಡಿಯನ್ನು ಕುಲುಕಿ ಬಗ್ಗಿಸಿದೆ. ಬೂದಿ ಬೆರೆಸಿದ ಹಾಲಿನಂಥ ನೀರು ಬಂತು, ತಳದ ಕೊನೆಯ ಚೂರಿನವರೆಗೂ. ಅರ್ಧವಾದರೂ ಉಳಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕಡಿಮೆ ಬಿದ್ದರೆ ಪ್ರಯೋಗ ಕೆಟ್ಟೀತೆಂದು ಹೆದರಿದೆ.

ಮೇಘನಾಗೆ ಅಲಾಸ್ಕದಿಂದ ಎರಡನೆಯ ಬಾಟಲಿ ಬಂತೆಂದೆ. ಹೀಗೆ ಒಂದೇ ನೀರಿನಲ್ಲಿ ಅಜ್ಜಿಗೆ ಕಳ್ಳತನ, ಮೊಮ್ಮಗಳಿಗೆ ಸುಳ್ಳು. ಅವಳು ನಂಬಿ ದಿನಾ ಎಲೆ ಎಣಿಸಿದಳು. ಭಟ್ಟಿ ನೀರಿನ ಎಲೆ ಬಿಳಿಚಿತು, ಕೊಳಾಯಿಯದು ಹೇಗೋ ಬದುಕಿತು, ಮೂರನೆಯದು ಜಾಡಿಯ ಬಾಯಿ ಮುಚ್ಚುವಂತೆ ಹಬ್ಬಿತು. ಜಾಡಿಯ ತಳದಲ್ಲಿ ಉಳಿದ ಬೂದು ಪುಡಿಯನ್ನು ಒಣಗಿಸಿ, ಒಂದು ಚಿಟಿಕೆಯನ್ನು ಪೋಸ್ಟರಿನ ಮೇಲೆ ಪಾರದರ್ಶಕ ಟೇಪಿನ ಕೆಳಗೆ ಅಂಟಿಸಿದಳು. ಉಳಿದದ್ದು ಸಿಂಕಿಗೆ ಹೋಯಿತು.

ಮೇಳದ ದಿನ ಅತ್ತೆ ರೇಷ್ಮೆ ಸೀರೆ, ಅದರ ಮೇಲೆ ನನ್ನ ಸ್ವೆಟರು, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು ಶಾಲೆಯ ಜಿಮ್ಮಿಗೆ ಬಂದರು. ಮೊಮ್ಮಗಳಿಗೆ ಎರಡನೆಯ ಬಹುಮಾನ. ಪೋಸ್ಟರಿನ ಹತ್ತಿರ ಹೋಗಿ ಟೇಪನ್ನು ಬೆರಳಿನಿಂದ ಸವರಿದರು.

"ನಮ್ಮ ಗಂಗೆ ಹಿಟ್ಟಿನ ಹಾಗೇ ಇದೆ, ಅಲ್ವಾ ಅಳಿಯಂದ್ರೇ?"

"ಅಲಾಸ್ಕ ಅಜ್ಜಿ, ಅಲಾಸ್ಕ!" ಎಂದಳು ಮೇಘನಾ.

ನಾನು ಹೇಳಿದ್ದು: "ಎಲ್ಲ ಒಂದೇ ಅಲ್ವಾ ಅತ್ತೆ, ಹಿಮ ಅಂದಮೇಲೆ." ಹೇಳಿ ಕಾಫಿ ತರಲು ಹೋದೆ. ಆ ಜಿಮ್ಮಿನಲ್ಲಿ ಕಾಫಿ ಇರಲಿಲ್ಲ.

ಬಹಳ ವರ್ಷ ಆ ಮಾತನ್ನೇ ಜಗಿದೆ. ನಮ್ಮ ಕೊಳಾಯಿಗೆ ಬರುವುದು ಮಿಷಿಗನ್ ಸರೋವರದ ನೀರು; ಸರೋವರವನ್ನು ತೋಡಿದ್ದೂ ಹಿಮವೇ ಎಂದು ಮಗಳ ಪೋಸ್ಟರಿನಲ್ಲೇ ಬರೆದಿತ್ತು. ಹಾಗಾದರೆ ಅದೂ ಒಂದು ಗಂಗೆ, ನಾನು ಗಂಗೆಯ ಜಾಗಕ್ಕೆ ಗಂಗೆಯನ್ನೇ ತುಂಬಿದೆ—ಎಂದು. ಕಾರು ಓಡಿಸುತ್ತ ನನ್ನ ಪರವಾಗಿ ನಾನೇ ವಕೀಲಿ ಮಾಡುತ್ತಿದ್ದೆ. ಹೆದ್ದಾರಿಯ ಎಕ್ಸಿಟ್ ತಪ್ಪಿಸಿಕೊಂಡದ್ದೂ ಉಂಟು. ಆ ವಕಾಲತ್ತನ್ನು ಇಲ್ಲಿಗೆ ಬಿಡುತ್ತೇನೆ. ನಿರ್ಮಲಾಗೂ ಮೇಘನಾಗೂ ನಿನ್ನೆ ಹೇಳಿಯಾಯಿತು. ನಿರ್ಮಲಾ ಒಂದೇ ಮಾತು ಕೇಳಿದಳು: "ಆ ನೀರನ್ನ ನನ್ನ ಕೈಯಲ್ಲೇ ಅಮ್ಮನ ಬಾಯಿಗೆ ಬಿಡಿಸಿದ್ರಲ್ಲ ರೀ..."

ಅವಳು ಕೇಳಿದ್ದು ಅತ್ತೆಯ ಕೊನೆಯ ಮಧ್ಯಾಹ್ನದ ವಿಷಯ. ಮೇಳ ಮುಗಿದು ಎರಡು ವರ್ಷವಾಗಿತ್ತು, ನಾವು ಪ್ಲೇನ್‌ಫೀಲ್ಡಿನ ಮನೆಗೆ ಬಂದಿದ್ದೆವು. ಇನ್ನು ಕೆಲವೇ ಗಂಟೆ ಎಂದು ನರ್ಸ್ ಹೇಳಿ ಹೋಗಿದ್ದಳು. ಮೇಘನಾ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ನಿರ್ಮಲಾ ಗಿಂಡಿ ತಂದು ನನ್ನ ಕೈಗಿಟ್ಟಳು. "ರೀ, ಮುಚ್ಚಳ ಬಿಚ್ಚಿಕೊಡಿ. ನಿಮಗೆ ಬರತ್ತೆ."

ನನಗೆ ಬರುತ್ತಿತ್ತು. ಬೆಸುಗೆಯ ಕಡ್ಡಿ ಗರಾಜಿನಲ್ಲಿತ್ತು. ನನ್ನದೇ ಬೆಸುಗೆಯನ್ನು ನಾನೇ ಕರಗಿಸುತ್ತ ತಲೆಯೆತ್ತಿದರೆ, ಎದುರು ಗೋಡೆಗೆ ಒರಗಿಸಿಟ್ಟ ಆ ಪೋಸ್ಟರು. ಟೇಪಿನ ಕೆಳಗೆ ಬೂದು ಚಿಟಿಕೆ, ಹಾಗೆಯೇ. ಕೈಚಾಚಿದರೆ ಸಿಗುವಷ್ಟು ದೂರ. ಟೇಪು ಕಿತ್ತು, ನೀರಿಗೆ ಉದುರಿಸಿ—ಅಷ್ಟೇ ಕೆಲಸ. ಕಿತ್ತ ಗುರುತು ನಿರ್ಮಲಾಗೆ ಕಂಡರೆ? ಮೇಘನಾ ಕೇಳಿದರೆ? ಟೇಪಿನ ಅಂಟು ಅತ್ತೆಯ ಹೊಟ್ಟೆಗೆ ಒಗ್ಗದಿದ್ದರೆ? ಹೌದು, ಸಾಯುತ್ತಿರುವವರ ಹೊಟ್ಟೆಯ ಚಿಂತೆಯನ್ನೂ ಮಾಡಿದೆ. ಪಟ್ಟಿ ಉದ್ದವಾಗುತ್ತಿದ್ದಂತೆ ಒಳಗಿನಿಂದ ನಿರ್ಮಲಾ ಕರೆದಳು. ಗಿಂಡಿಯೊಂದನ್ನೇ ಹಿಡಿದುಕೊಂಡು ಹೋದೆ.

ನಿರ್ಮಲಾ ಉದ್ಧರಣೆಯಲ್ಲಿ ನೀರು ತೆಗೆದು ಅತ್ತೆಯ ತುಟಿಗೆ ಬಿಟ್ಟಳು. "ಅಮ್ಮಾ, ಗಂಗೆ. ನಿನ್ನ ಗಂಗೆ." ಅವರ ಕಣ್ಣು ತೆರೆಯಿತು. ನೀರನ್ನು ನುಂಗಲಿಲ್ಲ, ಬಾಯಲ್ಲೇ ಇಟ್ಟುಕೊಂಡರು. ನಿರ್ಮಲಾ ಗಾಬರಿಯಾಗಿ ಗಂಟಲು ನೇವರಿಸಿದಳು. ಅವರ ನಾಲಗೆ ಒಮ್ಮೆ ಅಂಗುಳಿನ ಸುತ್ತ ಹೋಗಿ ಬಂತು, ಮತ್ತೊಮ್ಮೆ ನಿಧಾನವಾಗಿ ಒಸಡಿನ ಉದ್ದಕ್ಕೂ, ಏನನ್ನೋ ಹುಡುಕುತ್ತ. ಆ ಕೋಣೆಯಲ್ಲಿ ಅದು ಏನೆಂದು ಗೊತ್ತಿದ್ದವನು ನಾನೊಬ್ಬನೇ. ಮೂರನೆಯ ಸಲ ಹುಡುಕಿ, ಆಮೇಲೆ ನುಂಗಿದರು.