ಮೂರನೇ ಸಲ ಹೇಳುವವರೆಗೆ

ಇದನ್ನು ಹೇಳಬೇಕೆಂದು ಹೊರಟು ಎಷ್ಟು ಸಲ ಸುಮ್ಮನಾಗಿದ್ದೇನೋ ನನಗೇ ಗೊತ್ತಿಲ್ಲ. ಹೆಂಡತಿ ಬದುಕಿದ್ದಾಗ ಅವಳಿಗೆ ಹೇಳಬೇಕೆಂದಿದ್ದೆ, ಹೇಳಲಿಲ್ಲ. ಮಗಳಿಗೂ ಹೇಳಿಲ್ಲ. ಕೇಳಿದವರು "ಅಯ್ಯೋ, ಹತ್ತು ವರ್ಷದ ಹುಡುಗ, ಅದಕ್ಕೆಂತ" ಎಂದುಬಿಟ್ಟರೆ ನನಗೆ ಸಮಾಧಾನವಾಗಿಬಿಡುತ್ತದೆ ಎಂಬ ಹೆದರಿಕೆ. ಆ ಸಮಾಧಾನ ನನಗೆ ಸಲ್ಲುವುದಿಲ್ಲ.

ಆಗೆಲ್ಲ ನಮ್ಮ ಕಡೆ ಶಾಲೆಯೆಂದರೆ ಒಂದು ಉದ್ದನೆಯ ಕೋಣೆ, ಪಕ್ಕದಲ್ಲಿ ಮೇಷ್ಟ್ರ ಸಣ್ಣ ಕೋಣೆ, ಅಷ್ಟೆ. ಮೆಣಸೆಯಿಂದ ಒಳಗೆ ಅರ್ಧ ಗಂಟೆ ಕಾಲುದಾರಿಯಲ್ಲಿ ನಡೆದರೆ ಸಿಗುತ್ತಿದ್ದ ಊರು ನಮ್ಮದು. ನಾನು ಐದನೇ ಕ್ಲಾಸು. ಮಾಗಿಯ ಚಳಿಯಲ್ಲಿ ಬೆಳಗ್ಗೆ ನೆಲದ ಮೇಲೆ ಕೂತರೆ ಥಂಡಿ ಸೊಂಟದವರೆಗೆ ಏರುತ್ತಿತ್ತು. ಮಧ್ಯಾಹ್ನ ಶಾಲೆಯಲ್ಲೇ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಪಾತ್ರೆಯ ತಳ ಹತ್ತಿ ಸೀದ ವಾಸನೆ ಬಂದರೆ ನಮಗೆ ಖುಷಿ, ಆ ಸೀದ ತುಂಡಿಗೇ ಜಗಳವಾಗುತ್ತಿತ್ತು.

ತಿಂದು ಕೈ ತೊಳೆದವರು ಓಡುತ್ತಿದ್ದುದು ಹಿಂದಿನ ಅಂಗಳಕ್ಕೆ. ಅಲ್ಲಿ ನೆಲದಲ್ಲೇ ಹದಿನಾಲ್ಕು ಕುಳಿ ತೋಡಿ ಚೆನ್ನೆಮಣೆ ಮಾಡಿಕೊಂಡಿದ್ದೆವು. ಕುಳಿಗೆ ನಾಲ್ಕು ಹುಣಸೆ ಬೀಜ. ಒಂದು ಕುಳಿಯದನ್ನು ಎತ್ತಿಕೊಂಡು ಮುಂದಿನವುಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು, ಕೈ ಖಾಲಿಯಾದರೆ ಅದರ ಮುಂದಿನದನ್ನು ಎತ್ತಬೇಕು. ಖಾಲಿ ಕುಳಿ ಎದುರಾದರೆ ಅದರಾಚೆಯ ಕುಳಿಯಲ್ಲಿದ್ದದ್ದು ನಿಮ್ಮದು. ಅದೂ ಖಾಲಿಯಿದ್ದರೆ ಏನೂ ಇಲ್ಲ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಅಪ್ಪನಿಗೆ ಹಳ್ಳದ ಪಕ್ಕ ಸ್ವಲ್ಪ ಗದ್ದೆ ಇತ್ತು. ಅವಳಿಗೆ ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ. ಓದಲು ನಿಲ್ಲಿಸಿದರೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆದರೆ ಚೆನ್ನೆಮಣೆಯ ಮುಂದೆ ಕೂತರೆ ಅವಳು ಬೇರೆಯವಳೇ ಆಗುತ್ತಿದ್ದಳು. ಬೀಜ ಮುಟ್ಟುವ ಮೊದಲೇ ಆಟ ಎಲ್ಲಿ ಮುಗಿಯುತ್ತದೆಂದು ಹೇಳಿಬಿಡುತ್ತಿದ್ದಳು.

"ಅದನ್ನ ಎತ್ಬೇಡ ಮಾರಾಯ. ಎರಡು ಸುತ್ತು ಹೋಗಿ ಬರಿಗೈಲಿ ನಿಲ್ತೀಯ."

"ನಿಂಗೆ ಹೆಂಗೆ ಗೊತ್ತು?"

"ಕಾಣ್ತದಲ್ಲ!"

ನಾನು ಹಟಕ್ಕೆ ಅದನ್ನೇ ಎತ್ತುತ್ತಿದ್ದೆ. ಎರಡು ಸುತ್ತು ಹೋಗಿ ಬರಿಗೈಯಲ್ಲಿ ನಿಲ್ಲುತ್ತಿದ್ದೆ. ಸುತ್ತ ನಿಂತವರು "ಫಸ್ಟ್ ಬರೋನು ಮಣ್ಣು ಮುಕ್ಕಿದ" ಎಂದು ಕೇಕೆ ಹಾಕುತ್ತಿದ್ದರು. ಕ್ಲಾಸಿಗೆ ಮೊದಲು ಬರುತ್ತಿದ್ದವನು ನಾನು. ಅವಳು ನಗುತ್ತಿರಲಿಲ್ಲ. "ಇನ್ನೊಂದ್ಸಲ ಆಡು, ಹೇಳ್ಕೊಡ್ತೀನಿ" ಎನ್ನುತ್ತಿದ್ದಳು. ನನಗೆ ಹೆಚ್ಚು ಉರಿಯುತ್ತಿದ್ದುದು ಅದೇ.

ಒಂದು ದಿನ ದೊಡ್ಡ ಮೇಷ್ಟ್ರು ಐದನೇ ಕ್ಲಾಸಿನವರನ್ನು ಎಬ್ಬಿಸಿ ನಿಲ್ಲಿಸಿದರು. "ಮೈಸೂರಿಂದ ಒಬ್ರು ಸಾಹೇಬ್ರು ಬರ್ತಾರೆ. ಮಕ್ಕಳ ಬುದ್ಧಿ ಅಳೀತಾರೆ. ಪಾಠ ಅಲ್ಲ, ಬುದ್ಧಿ. ಒಂದು ಶಾಲೆಯಿಂದ ಒಬ್ರನ್ನ ಆರಿಸಿ ದೊಡ್ಡ ಶಾಲೆಗೆ ಕರ್ಕೊಂಡು ಹೋಗಿ ಓದಿಸ್ತಾರೆ. ಊಟ, ಬಟ್ಟೆ ಎಲ್ಲ ಅವರದ್ದೇ. ನಾನು ಇಬ್ರನ್ನ ಕಳಿಸ್ತೀನಿ."

ಮೊದಲು ನನ್ನ ಹೆಸರು ಹೇಳಿದರು. ಆಮೇಲೆ ಅವಳದ್ದು. ಇಡೀ ಕ್ಲಾಸು ನಕ್ಕಿತು.

"ನಗ್ಬೇಡ್ರೋ. ಅವಳ ಆಟ ನಾನು ಕಿಟಕಿಯಿಂದ ನೋಡಿದೀನಿ. ಅದು ನಿಮಗ್ಯಾರಿಗೂ ಬರೋದಲ್ಲ."

ನನಗೆ ಆ ಕ್ಷಣವೇ ಗೊತ್ತಾಯಿತು, ಆರಿಸಿ ಹೋಗುವವಳು ಅವಳೇ ಎಂದು. ಇತ್ತ ನಮ್ಮ ಮನೆಯಲ್ಲಿ ಅಪ್ಪ ಸಿಕ್ಕಿದವರಿಗೆಲ್ಲ "ನಮ್ಮ ಮಾಣಿ ಹೋಗೋದು ಖಂಡಿತ" ಎಂದು ಹೇಳಿಯಾಗಿತ್ತು. ಅಮ್ಮ ಅಟ್ಟದಿಂದ ಟ್ರಂಕು ಇಳಿಸಿ ಬಿಸಿಲಿಗೆ ಇಟ್ಟಿದ್ದಳು.

ಸಾಹೇಬರು ಬಂದ ದಿನ ಮೊದಲು ಮೇಷ್ಟ್ರ ಕೋಣೆಯೊಳಗೆ ಹೋದವನು ನಾನು. ಸ್ವೆಟರು ಹಾಕಿದ ತೆಳ್ಳನೆಯ ಮನುಷ್ಯ, ಮೆತ್ತಗಿನ ಮಾತು. ಮೇಜಿನ ಮೇಲೆ ವಾರ್ನಿಷ್ ವಾಸನೆಯ ಒಂದು ಪೆಟ್ಟಿಗೆ. ಅದರಲ್ಲಿ ಕೆಂಪು ಬಿಳಿ ಬಣ್ಣದ ಮರದ ತುಂಡುಗಳು. ಒಂದು ಚಿತ್ರ ತೋರಿಸಿ, ತುಂಡುಗಳನ್ನು ಹಾಗೇ ಜೋಡಿಸು ಎಂದು ಹೇಳಿ, ಕೈಯಲ್ಲಿದ್ದ ಗಡಿಯಾರ ಒತ್ತುತ್ತಿದ್ದರು. ನಾಲ್ಕು ಚಿತ್ರ ಮಾಡಿದೆ. ಐದನೆಯದು ಆಗಲಿಲ್ಲ. ಆ ಚಳಿಯಲ್ಲೂ ಬೆವತೆ. ಜೋಡಿಸುತ್ತಿದ್ದಾಗಲೇ ನನಗೆ ಅನ್ನಿಸಿತು, ಇದು ಅವಳಿಗೆ ಚೆನ್ನೆಮಣೆ ಇದ್ದ ಹಾಗೆ, ನೋಡಿದ ಕೂಡಲೇ ಕಾಣುತ್ತದೆ ಎಂದು.

ಹೊರಗೆ ಬಂದರೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಎಳೆದು ಎರಡು ಜಡೆ ಹಾಕಿದ್ದರು. ಅಕ್ಕನ ಲಂಗ ಉದ್ದವಾಗಿ ಕಾಲಿಗೆ ಸಿಕ್ಕುತ್ತಿತ್ತು.

"ಎಂತ ಕೇಳ್ತಾರೆ ಮಾರಾಯ? ನಂಗೆ ಹೆದ್ರಿಕೆ ಆಗ್ತಿದೆ."

"ಮರದ ತುಂಡು ಮುಂದೆ ಇಡ್ತಾರೆ. ಇಟ್ಟ ಕೂಡ್ಲೆ ಮುಟ್ಬೇಡ. ಮೂರು ಸಲ ಹೇಳಿದ್ಮೇಲೆ ಮುಟ್ಟು."

"ಯಾಕೆ?"

"ಅವ್ರು ನೋಡೋದು ಮರ್ಯಾದೆ ಮಾರಾಯ್ತಿ. ತಟ್ಟಂತ ಕೈ ಹಾಕಿದ್ರೆ ಆಸೆಬುರುಕಿ ಅಂತ ಬರೀತಾರೆ."

ಬೇರೆ ಕಡೆಯ ಮಕ್ಕಳಾಗಿದ್ದರೆ ಈ ಮಾತು ನಂಬುತ್ತಿರಲಿಲ್ಲವೇನೋ. ನಮ್ಮಲ್ಲಿ ಹಾಗಲ್ಲ. ಇನ್ನೊಬ್ಬರ ಮನೆಯಲ್ಲಿ ತಿಂಡಿ ಕೊಟ್ಟರೆ ಮೊದಲ ಸಲ ಬೇಡ ಎನ್ನಬೇಕು, ಎರಡನೇ ಸಲ ತಲೆ ತಗ್ಗಿಸಬೇಕು, ಮೂರನೇ ಸಲ ಒತ್ತಾಯ ಮಾಡಿದರೆ ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಮೊದಲೇ ಕೈ ಚಾಚಿದರೆ ಅಮ್ಮಂದಿರು ತೊಡೆ ಚಿವುಟುತ್ತಿದ್ದರು. ಆ ಊರಿನ ಪ್ರತಿ ಮಗುವಿನ ತೊಡೆಗೂ ಆ ಪಾಠ ಗೊತ್ತಿತ್ತು. ನಾನು ಅದನ್ನೇ ಹುಡುಕಿ ತೆಗೆದೆ.

"ಒಳ್ಳೇದಾಯ್ತು ನೀ ಹೇಳಿದ್ದು" ಎಂದಳು. "ಇಲ್ದಿದ್ರೆ ನಾ ಕೈ ಹಾಕಿಬಿಡ್ತಿದ್ದೆ."

ಅವಳು ಒಳಗೆ ಹೋದ ಮೇಲೆ ನಾನು ಕಿಟಕಿಯ ಪಕ್ಕ ನಿಂತೆ. ಸಾಹೇಬರು ಚಿತ್ರ ಇಟ್ಟು "ಮಾಡಮ್ಮ" ಎಂದರು. ಅವಳು ತಲೆ ತಗ್ಗಿಸಿದಳು. "ಮಾಡಮ್ಮ, ಹೆದರ್ಬೇಡ" ಎಂದು ಮತ್ತೊಮ್ಮೆ ಹೇಳಿ ಗಡಿಯಾರ ನೋಡುತ್ತ ಕೂತರು. ಅವಳ ಕೈ ಮಡಿಲಲ್ಲಿತ್ತು. ಮೇಜು ಅಡ್ಡವಿದ್ದುದರಿಂದ ಅವರಿಗೆ ಕಾಣುತ್ತಿರಲಿಲ್ಲ, ಕಿಟಕಿಯಿಂದ ನನಗೆ ಕಾಣುತ್ತಿತ್ತು. ಲಂಗದ ಮೇಲೆ ಅವಳ ಬೆರಳುಗಳು ಇಲ್ಲದ ತುಂಡುಗಳನ್ನು ತಿರುಗಿಸಿ, ಪಕ್ಕದಲ್ಲಿಟ್ಟು, ಮತ್ತೊಂದನ್ನು ತಿರುಗಿಸಿ ಇಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಬೆರಳು ನಿಂತವು. ಅವಳು ಮಾಡಿ ಮುಗಿಸಿದ್ದಳು. ಮುಖವೆತ್ತಿ ಮೂರನೇ ಮಾತಿಗೆ ಕಾದಳು.

ಆ ಮಾತು ಬರಲಿಲ್ಲ. ಎರಡನೇ ಚಿತ್ರಕ್ಕೂ ಹಾಗೇ ಆಯಿತು. ಮೂರನೆಯದಕ್ಕೂ ಹಾಗೇ. ಕೊನೆಗೆ ಅವರು ತುಂಡುಗಳನ್ನು ಪೆಟ್ಟಿಗೆಗೆ ಹಾಕಿ "ಸಾಕಮ್ಮ" ಎಂದರು. ಅವಳು ಅದನ್ನೇ ಒತ್ತಾಯವೆಂದು ತಿಳಿದಳೋ ಏನೋ, ಎರಡೂ ಕೈ ಚಾಚಿದಳು. ಅವರು ಆಗಲೇ ಮುಚ್ಚಳ ಹಾಕಿದ್ದರು.

ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದೆ. ಕೂಗಲಿಲ್ಲ.

ಕೆಲವು ವಾರದ ಮೇಲೆ ಕಾಗದ ಬಂತು. ನನ್ನನ್ನು ಆರಿಸಿದ್ದರು. ಅವಳ ಹೆಸರಿನ ಮುಂದೆ ಒಂದೇ ಪದ, ಮಂದಬುದ್ಧಿ. ಮೇಷ್ಟ್ರು ನನ್ನನ್ನು ಒಬ್ಬನನ್ನೇ ಕರೆದು ಕೇಳಿದರು.

"ಒಳಗೆ ಹೋಗೋ ಮುಂಚೆ ನೀನು ಅವಳಿಗೆ ಎಂತಾದ್ರೂ ಹೇಳಿದ್ಯೇನೋ?"

"ಇಲ್ಲ ಸಾರ್."

ಅವರು ಕಾಗದ ಮಡಚಿ ಮೇಜಿನ ಒಳಗಿಟ್ಟರು. ಮತ್ತೆ ಕೇಳಲಿಲ್ಲ.

ಮಾರನೇ ವಾರ ಅವಳ ಅಪ್ಪ ಬಂದು ಬಾಗಿಲಲ್ಲಿ ನಿಂತರು. "ಬುದ್ಧಿ ಇಲ್ಲ ಅಂತ ಓದಿದೋರೇ ಬರ್ದ್ಮೇಲೆ ಇನ್ಯಾಕೆ ಸಾರ್ ಕೂರ್ಸೋದು? ಮನೇಲಿ ಕೆಲ್ಸಕ್ಕೆ ಜನ ಇಲ್ಲ."

"ಅದು ಒಂದು ದಿನದ ಪರೀಕ್ಷೆ ಮಾರಾಯ್ರೆ. ಅವಳ ತಲೆ ನಾನು ನೋಡಿದೀನಿ."

"ನೀವು ನಮ್ಮ ಮೇಲಿನ ಪ್ರೀತಿಗೆ ಹೇಳ್ತೀರಿ ಸಾರ್" ಎಂದು ಕೈ ಮುಗಿದು ಹೋದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಆಮೇಲೂ ಕೆಲವು ದಿನ ಮೇಷ್ಟ್ರು ನನ್ನ ಹೆಸರು ಕರೆದ ಮೇಲೆ ಅಭ್ಯಾಸಬಲದಿಂದ ಅವಳ ಹೆಸರಿಗೆ ಉಸಿರೆಳೆದು, ಕರೆಯದೆ ನಿಲ್ಲಿಸಿ, ಮುಂದಿನದಕ್ಕೆ ಹೋಗುತ್ತಿದ್ದರು.

ನಾನು ಟ್ರಂಕು ಹೊತ್ತು ದೊಡ್ಡ ಶಾಲೆಗೆ ಹೋದೆ. ಎರಡನೇ ವರ್ಷ ಪಾಠ ತಲೆಗೆ ಹತ್ತದೆ ಫೇಲಾದೆ, ಮನೆಗೆ ಕಳಿಸಿದರು. ಹಾಗೂ ಹೀಗೂ ಕೊಪ್ಪದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಅಲ್ಲೇ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಆ ಜಾಗ ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ.

ಅವಳನ್ನು ನರಸಿಂಹರಾಜಪುರದ ಕಡೆ ಕೊಟ್ಟಿದ್ದರು. ನನಗೆ ತಲೆ ಬೆಳ್ಳಗಾಗತೊಡಗಿದ ಹೊತ್ತಿಗೆ ಒಮ್ಮೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಗುರುತು ಹಿಡಿದವಳು ಅವಳೇ.

"ಎಂತ ಮಾರಾಯ, ಕಂಡೂ ಕಾಣದ ಹಾಗೆ ಹೋಗ್ತೀಯಲ್ಲ!"

ಮನೆಯ ಸುದ್ದಿ ಮಾತಾಡಿದೆವು. ಅವಳ ಮಗಳು ಲೆಕ್ಕದಲ್ಲಿ ಶಾಲೆಗೇ ಮೊದಲಂತೆ.

"ನಿನ್ನ ತಲೆ" ಎಂದೆ.

"ನಂದೆಲ್ಲಿ, ಅವಳಪ್ಪಂದು" ಎಂದು ನಕ್ಕಳು. "ನನ್ನ ತಲೆ ಆವತ್ತೇ ಅಳೆದು ಬರ್ದಿದ್ರಲ್ಲ. ನೀ ಪಾಪ ಹೇಳ್ಕೊಟ್ಟು ಕಳಿಸಿದ್ದೆ. ಆದ್ರೂ ನಂಗೆ ಮಾಡ್ಲಿಕ್ಕಾಗ್ಲಿಲ್ಲ ನೋಡು."

ನಾನು ಹೇಳಿಕೊಟ್ಟೆನೆಂಬ ಉಪಕಾರವನ್ನು ಅವಳು ಅಷ್ಟು ವರ್ಷ ಇಟ್ಟುಕೊಂಡಿದ್ದಳು. ನಾನು ಬಾಯಿ ತೆರೆದೆ. ಬಂದ ಮಾತು "ನಿನ್ನ ಬಸ್ಸು ಬಂತು ನೋಡು" ಎಂದು. ಅವಳು ಹತ್ತಿ ಕಿಟಕಿಯಿಂದ ಕೈ ಬೀಸಿದಳು. ಮನೆ ಹುಡುಕಿಕೊಂಡು ಹೋಗಿ ಹೇಳಬೇಕೆಂದು ಎಷ್ಟೋ ವರ್ಷ ಅಂದುಕೊಂಡೆ. ಹೋದ ವರ್ಷ ತೀರಿಕೊಂಡಳೆಂದು ಸುದ್ದಿ ಬಂತು.

ಹೋದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ಅವಳ ಶಾಲೆಗೆ ಹೋಗಿದ್ದೆ. ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಗೆಂದು ಒಬ್ಬ ಹುಡುಗಿ ಬಂದಿದ್ದಳು. ಅವಳು ಪೆಟ್ಟಿಗೆ ತೆರೆದರೆ ಅದೇ ಕೆಂಪು ಬಿಳಿ ತುಂಡುಗಳು. ನಮ್ಮ ಕೂಸು ಹೊಸಬರನ್ನು ಕಂಡು ಕೈ ಕಟ್ಟಿ ಕೂತುಬಿಟ್ಟಿತು. ಆ ಹುಡುಗಿ ಗಡಿಯಾರ ಬದಿಗಿಟ್ಟು ನಕ್ಕಳು.

"ಇವತ್ತು ಬೇಡ ಅಂತ ಕಾಣುತ್ತೆ ಅಜ್ಜ. ಇನ್ನೊಂದು ದಿನ ಬರ್ತೀನಿ. ಮುಟ್ಟಲಿಲ್ಲ ಅಂದ್ರೆ ಬರಲ್ಲ ಅಂತ ಅರ್ಥ ಅಲ್ಲ ಅಲ್ವಾ?"

ನಾನು ಹೊರಗೆ ಬಂದು ಶಾಲೆಯ ಮೆಟ್ಟಿಲ ಮೇಲೆ ಕೂತೆ.

ಈಗ ಶಾಲೆಯ ಅಂಗಳದಲ್ಲಿ ಕುಳಿ ತೋಡುವವರಿಲ್ಲ, ಸಿಮೆಂಟು ಹಾಕಿದ್ದಾರೆ. ಮೂರು ಸಲ ಉಪಚಾರ ಮಾಡುವ ಪುರಸೊತ್ತೂ ಯಾರಿಗೂ ಇಲ್ಲ. ಅವೆಲ್ಲ ಹೋದದ್ದಕ್ಕೆ ಮರುಗುವ ಹಕ್ಕು ನನಗಿಲ್ಲ. ಅವಳು ಓದಿದ್ದರೆ ಆ ಬೆರಳುಗಳು ಏನೇನು ಜೋಡಿಸುತ್ತಿದ್ದವೋ ಎಂದು ಯೋಚಿಸುತ್ತೇನೆ, ಮುಂದೆ ಏನೂ ಕಾಣುವುದಿಲ್ಲ. ಕಾಣುತ್ತಿದ್ದುದು ಅವಳಿಗೆ. ಬರಿಗೈಲಿ ನಿಲ್ತೀಯ ಎಂದು ನನಗೆ ಆಗಲೇ ಹೇಳಿದ್ದಳು.

ಇಷ್ಟು ಬರೆದೂ ಅವಳ ಹೆಸರನ್ನು ಬರೆಯದೆ ತಪ್ಪಿಸಿಕೊಂಡು ಬಂದಿದ್ದೇನೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೇ ಇತ್ತು. ಮೇಷ್ಟ್ರು ಉಸಿರೆಳೆದು ಕರೆಯದೆ ನಿಲ್ಲಿಸುತ್ತಿದ್ದ ಹೆಸರು. ಜಲಜಾಕ್ಷಿ.